ರಾಯರ ರೈಫಲು

ನಮ್ಮ ರಾಯರು ಸೇಂಟ್ ಲೂಯಿಸ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿ ಬೈಸಿಕೊಂಡವರು. ಮಿಕ್ಸಿ ಕೊಳ್ಳುವ ಮುಂಚೆ ಅದರ ಮೋಟಾರಿನ ಕುಲಗೋತ್ರ ವಿಚಾರಿಸಿದವರು. ಇಂಥವರಿಗೆ ರೈಫಲು ಕೊಳ್ಳುವ ಮನಸ್ಸಾದರೆ ಮುಂದೇನು ಅಂತ ಕೇಳುವ ಹಾಗೇ ಇಲ್ಲ, ಎಕ್ಸೆಲ್ ಶೀಟು! ಅಡ್ಡಕ್ಕೆ ಕಂಪನಿಗಳು, ಉದ್ದಕ್ಕೆ ಗುಣಗಳು. ನಳಿಗೆಯ ಉದ್ದ, ಕುದುರೆ ಎಳೆಯುವ ಭಾರ, ಹಿಡಿಯ ಮರ, ತೂಕ, ಬೆಲೆ, ಎಲ್ಲಕ್ಕೂ ಅಂಕ. ಅಂಕಗಳಿಗೆ ಸರಾಸರಿ, ಸರಾಸರಿಗೆ ಬಣ್ಣ. ಇಷ್ಟೆಲ್ಲ ಆಗುವ ಹೊತ್ತಿಗೆ ರಾಯರು ಜೀವಮಾನದಲ್ಲಿ ಹೊಡೆದಿದ್ದ ಈಡುಗಳ ಸಂಖ್ಯೆ ಸೊನ್ನೆ.

ಈ ಹುಚ್ಚು ಹಿಡಿಸಿದ್ದು ಸ್ವಪ್ನಿಲ್ ಕುಸಾಳೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್ಲಿನಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದ ಕೊಲ್ಹಾಪುರ ಕಡೆಯ ಹುಡುಗ. ಮಂಡಿಯೂರಿ ಒಮ್ಮೆ, ಬೋರಲು ಮಲಗಿ ಒಮ್ಮೆ, ನಿಂತು ಒಮ್ಮೆ. ಅದನ್ನೆಲ್ಲ ರಾಯರು ಸೋಫಾದ ಮೇಲೆ ನಾಲ್ಕನೇ ಭಂಗಿಯಲ್ಲಿ ಒರಗಿಕೊಂಡು ನೋಡಿದರು. ಕುಸಾಳೆ ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು ಅಂತ ಕಾಮೆಂಟರಿಯವನು ಹೇಳಿದ್ದೇ ತಡ, ರಾಯರು ಎದ್ದು ಕೂತರು.

"ಅಲ್ರೀ, ಟಿ.ಸಿ. ಹೊಡೀಬಹುದು ಅಂದ್ರೆ ಟೆಕ್ ಲೀಡ್ ಯಾಕ್ರೀ ಹೊಡೀಬಾರ್ದು?"

ಹೊಡೆಯಬಾರದು ಅಂತ ಯಾರೂ ಹೇಳಿರಲಿಲ್ಲ. ಆ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರು, ಗುಂಡಿನದು 5.6, ನಡುವೆ ಐವತ್ತು ಮೀಟರ್ ಗಾಳಿ ಅಂತ ಮಾತ್ರ ನಾನು ಹೇಳಿದೆ. ರಾಯರು ಅದನ್ನೂ ಶೀಟಿಗೆ ಸೇರಿಸಿಕೊಂಡರು.

ಸಲಹೆಗೆ ನನ್ನನ್ನೇ ಹಿಡಿದದ್ದಕ್ಕೆ ಕಾರಣ ನಾನು ಕೊಡಗಿನವನು. ಕೊಡಗಿನವರೆಲ್ಲ ತೊಟ್ಟಿಲಲ್ಲೇ ಕೋವಿ ತುಂಬುತ್ತಾರೆ ಎಂಬುದು ರಾಯರ ನಂಬಿಕೆ. ಪೂರ್ತಿ ಸುಳ್ಳೇನಲ್ಲ ಬಿಡಿ. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಊರಿಗೆ ಸುದ್ದಿ ಹೋಗುವುದೇ ಹಾಗೆ. ಸೆಪ್ಟೆಂಬರಿನ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂವು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಪಾಯಿಂಟ್ ಟೂ ಟೂ ರೈಫಲಿನವರಿಗೆ ಬೇರೆ, ಹನ್ನೆರಡು ಬೋರಿನವರಿಗೆ ಬೇರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಆದರೆ ಬೇಟೆಗೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಜಾಗವಿಲ್ಲ. ಹಾಗಾಗಿ ತೆಂಗಿನಕಾಯಿಯೇ ನಮ್ಮ ದೊಡ್ಡ ಶಿಕಾರಿ. ಇದನ್ನೆಲ್ಲ ಕೇಳಿಸಿಕೊಂಡ ರಾಯರು, "ತೆಂಗಿನಕಾಯಿಯ ಯಾವ ಕಣ್ಣಿಗೆ ಹೊಡೀಬೇಕು?" ಅಂದರು.

ಅಮೆರಿಕದಲ್ಲಿ ಕೋವಿ ಕೊಳ್ಳುವುದೆಂದರೆ ಹಾಲು ಕೊಂಡಷ್ಟೇ ಸಲೀಸು ಅಂತ ನಮ್ಮೂರಿನವರು ತಿಳಿದಿದ್ದಾರೆ. ರಾಯರ ಹಾಗೆ ಎಚ್-1ಬಿ ವೀಸಾದ ಮೇಲೆ ಬಂದವನಿಗೆ ಹಾಗಿಲ್ಲ ಸ್ವಾಮಿ. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು. ವಲಸೆಗಾರನಲ್ಲದ ವೀಸಾದವನು ಕೋವಿ ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ ಅಂತ ಫೆಡರಲ್ ಕಾನೂನು. ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿಯುಂಟು: ಅವನ ಹತ್ತಿರ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ಇದ್ದರೆ ಅಡ್ಡಿಯಿಲ್ಲ. ಅಂದರೆ ಬರೀ ಕಾಗದಕ್ಕೆ ತೂತು ಮಾಡುತ್ತೇನೆ ಎನ್ನುವ ಸಾಧುವಿಗೆ ಕೋವಿ ಇಲ್ಲ. ಪ್ರಾಣಿ ಕೊಲ್ಲುತ್ತೇನೆ ಅಂತ ಬರೆದುಕೊಟ್ಟವನಿಗೆ ಉಂಟು.

ರಾಯರು ಏಕಾದಶಿ ಮಾಡುವವರು. ಮೊಟ್ಟೆ ಹಾಕಿದ ಕೇಕಿನ ಪಕ್ಕದಲ್ಲಿಟ್ಟ ಬಾಳೆಹಣ್ಣನ್ನೂ ಮುಟ್ಟುವುದಿಲ್ಲ. ಅಂಥವರು ಮಿಸೌರಿ ರಾಜ್ಯದ ಹಂಟರ್ ಎಜುಕೇಶನ್ ಕೋರ್ಸಿಗೆ ಕೂತರು. 1967ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಅದು ಕಡ್ಡಾಯ. ಮರದ ಮೇಲಿನ ಅಟ್ಟಣೆಯಿಂದ ಬೀಳದಿರುವುದು ಹೇಗೆ, ಹೊಡೆದದ್ದನ್ನು ಸೀಳಿ ಶುಚಿ ಮಾಡುವುದು ಹೇಗೆ, ಎಲ್ಲ ಓದಿದರು. ಸೀಳುವ ಪಾಠ ಬಂದಾಗ ಮನೆಯವರು ಅಡುಗೆಮನೆಯ ಬಾಗಿಲು ಹಾಕಿಕೊಂಡರಂತೆ. ಒಳ್ಳೇ ಅಂಕ ಬಂತು, ಪರ್ಮಿಟ್ಟೂ ಬಂತು. ಮಿಸೌರಿಯಲ್ಲಿ ಅಳಿಲಿನ ಬೇಟೆ ಮೇ ತಿಂಗಳ ನಾಲ್ಕನೇ ಶನಿವಾರದಿಂದ ಫೆಬ್ರವರಿ 15ರವರೆಗೆ, ದಿನಕ್ಕೆ ಹತ್ತು.

"ಅಳಿಲು!" ಅಂದರು ರಾಯರು, ಗಂಟಲು ಕಟ್ಟಿ. "ಸೇತುವೆಗೆ ಮರಳು ಹೊತ್ತ ಪ್ರಾಣಿ. ಬೆನ್ನ ಮೇಲೆ ರಾಮದೇವರ ಬೆರಳಿನ ಗೆರೆ ಇದೆ."

"ಇಲ್ಲಿಯ ಅಳಿಲಿಗೆ ಗೆರೆ ಇಲ್ಲ ರಾಯರೇ. ಒಂದು ಬೂದು, ಇನ್ನೊಂದು ಕೆಂಚು. ರಾಮದೇವರು ಮಿಸೌರಿಗೆ ಬಂದಿಲ್ಲ."

ಸಮಾಧಾನವಾಯಿತು. ಮಾರನೇ ದಿನ ಹಿತ್ತಿಲಲ್ಲಿ ಬೆನ್ನ ತುಂಬ ಗೆರೆಯಿರುವ ಚಿಪ್‌ಮಂಕ್ ಓಡಿದ್ದು ನೋಡಿ ಮತ್ತೆ ಫೋನು ಮಾಡಿದರು. ಅದು ಬೇರೆ ಕಥೆ.

ಇನ್ನು ಅಂಗಡಿ. ಅಲ್ಲಿದ್ದವರು ಮೀಸೆ ಪೂರ್ತಿ ನೆರೆತ ಒಬ್ಬ ಮುದುಕರು. ರಾಯರು ಲ್ಯಾಪ್‌ಟಾಪು ಬಿಡಿಸಿ, "ಅತ್ಯಂತ ನಿಖರವಾದ ಪಾಯಿಂಟ್ ಟೂ ಟೂ ಯಾವುದು?" ಅಂದರು. ಮುದುಕರು ಶೀಟಿನ ಕಡೆ ಕಣ್ಣೂ ಹಾಯಿಸದೆ, "ಕಾಗದಕ್ಕೋ, ಅಳಿಲಿಗೋ?" ಅಂತ ಕೇಳಿದರು. ರಾಯರ ಎಕ್ಸೆಲ್‌ನಲ್ಲಿ ಈ ಕಾಲಮ್ಮೇ ಇರಲಿಲ್ಲ.

ಎಲ್ಲ ಶುರುವಾಗಬೇಕಾದದ್ದು ಅಲ್ಲಿಂದಲೇ. ಕಾಗದಕ್ಕೆ ಹೊಡೆಯುವವನು ಮೇಜಿನ ಮೇಲೆ ಮರಳಿನ ಚೀಲವಿಟ್ಟು ಕೂರುತ್ತಾನೆ. ಅವನ ಕೋವಿ ಎಷ್ಟು ಭಾರವಿದ್ದರೂ ಒಳ್ಳೆಯದೇ, ದಪ್ಪ ನಳಿಗೆ ಅಲುಗುವುದಿಲ್ಲ. ಅಳಿಲಿನವನು ಹಿಕರಿ ಮರಗಳ ಕೆಳಗೆ ಬೆಳಗಿನಿಂದ ತಿರುಗಬೇಕು, ತಲೆಯೆತ್ತಿ ತಟ್ಟನೆ ಗುರಿ ಹಿಡಿಯಬೇಕು. ಅವನಿಗೆ ಮೂರು ಕಿಲೋ ದಾಟಿದರೆ ಹೆಗಲು ನೋವು. ಎರಡಕ್ಕೂ ಒಂದೇ ಕೋವಿ ಬೇಕು ಅನ್ನುವವನು ಎರಡರಲ್ಲೂ ಸ್ವಲ್ಪ ಬಿಟ್ಟುಕೊಡಬೇಕು. ಬಿಟ್ಟುಕೊಡುವುದು ರಾಯರ ಜಾತಕದಲ್ಲೇ ಇಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ರುಗರ್ 10/22. 1964ರಿಂದ ಬರುತ್ತಿರುವ ಸರಕು, ಹತ್ತು ತೋಟೆಯ ಸುತ್ತುವ ಮ್ಯಾಗಝಿನ್ನು, ಕುದುರೆ ಎಳೆದ ಹಾಗೆಲ್ಲ ಟಪ್ ಟಪ್. ಮಕ್ಕಳಿಗೂ ಖುಷಿ, ದೊಡ್ಡವರಿಗೂ ಖುಷಿ. ಆದರೆ ತಾನೇ ತುಂಬಿಕೊಳ್ಳುವ ಕೋವಿಗೆ ಯಾವ ತೋಟೆ ಕೊಟ್ಟರೂ ನುಂಗಬೇಕಾಗುತ್ತದೆ, ಅದಕ್ಕೆ ತೋಟೆ ಕೂರುವ ಗೂಡನ್ನು ಸಾಮಾನ್ಯವಾಗಿ ತುಸು ಸಡಿಲವಾಗಿ ಕೊರೆದಿರುತ್ತಾರೆ. ಸಡಿಲ ಗೂಡಿನಲ್ಲಿ ಗುಂಡು ನಳಿಗೆಯ ನೇರಕ್ಕೆ ಕೂರುವ ಭರವಸೆ ಕಡಿಮೆ. ಇದಕ್ಕೆ ಮದ್ದುಂಟು. ನಳಿಗೆ ಬದಲಾಯಿಸು, ಕುದುರೆ ಬದಲಾಯಿಸು, ಹಿಡಿ ಬದಲಾಯಿಸು. ಹಾಗೆ ಬದಲಾಯಿಸುತ್ತ ಹೋದವರ ಕೈಯಲ್ಲಿ ಕೊನೆಗೆ ರುಗರ್ ಕಂಪನಿಯದೆಂದು ಉಳಿಯುವುದು ಹೆಸರು ಕೆತ್ತಿದ ತುಂಡು ಮಾತ್ರ, ಖರ್ಚಾಗಿರುವುದು ಎರಡು ಕೋವಿಯ ದುಡ್ಡು.

ಆದ್ದರಿಂದ ಬೋಲ್ಟು. ಒಂದೊಂದೇ ಈಡು, ಕೈಯಿಂದ ಎಳೆದು ತಳ್ಳುವುದು. ಸಾವೇಜ್ ಮಾರ್ಕ್ 2 ಅಗ್ಗ, ನೋಡಲು ಅಷ್ಟಕ್ಕಷ್ಟೆ, ಹೊಡೆತದಲ್ಲಿ ಬೆಲೆಗೆ ಮೀರಿದ್ದು. ಫಿನ್ಲೆಂಡಿನ ಟಿಕ್ಕಾ ಟಿ1ಎಕ್ಸ್‌ನ ಬೋಲ್ಟು ಬೆಣ್ಣೆ. ಚೆಕ್ ದೇಶದ ಉಹೆರ್‌ಸ್ಕಿ ಬ್ರಾಡ್ ಊರಿನ ಸಿಝಡ್ 457, ನಮ್ಮ ಕೊಡಗಿನ ಹಳೆಯ ತಲೆಗಳು ಬಾಯಿ ತುಂಬ ಹೊಗಳುವ 'ಬ್ರನೋ' ರೈಫಲಿನ ದೇಶದ್ದೇ. ಕುದುರೆಯ ಭಾರವನ್ನು ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳಬಹುದು, ನಳಿಗೆಯನ್ನು ಮನೆಯಲ್ಲೇ ಬದಲಿಸಬಹುದು. ಇವೆಲ್ಲದರ ಮೇಲೆ ಅನ್‌ಶುಟ್ಸ್. 1856ರಲ್ಲಿ ತುರಿಂಗಿಯಾದಲ್ಲಿ ಶುರುವಾಗಿ, ಎರಡನೇ ಮಹಾಯುದ್ಧದ ನಂತರ ಉಲ್ಮ್ ಊರಿಗೆ ಬಂದು ನೆಲೆನಿಂತ ಜರ್ಮನ್ ಮನೆತನ. ಒಲಿಂಪಿಕ್ಸಿನ ಸಾಲಿನಲ್ಲಿ ಬಹುಕಾಲ ಕಣ್ಣಿಗೆ ಬೀಳುತ್ತಿದ್ದುದು ಇವರ ಕೋವಿಗಳೇ. ಅದರ ಬೆಲೆಚೀಟಿ ನೋಡಿ ರಾಯರು, "ಇದು ಕಾರಿನ ಡೌನ್ ಪೇಮೆಂಟೇನ್ರೀ?" ಅಂದರು.

ನಳಿಗೆ ಉದ್ದವಿದ್ದಷ್ಟೂ ಗುರಿ ಚೆನ್ನ ಅಂತ ನಮ್ಮೂರಿನಲ್ಲೂ ಹೇಳುತ್ತಾರೆ, ಮಿಸೌರಿಯಲ್ಲೂ ಹೇಳುತ್ತಾರೆ. ಪಾಯಿಂಟ್ ಟೂ ಟೂ ತೋಟೆಯ ಚಿಟಿಕೆ ಮದ್ದು ಸುಮಾರು ಹದಿನಾರು ಇಂಚಿನೊಳಗೇ ಉರಿದು ತನ್ನ ಕೆಲಸ ಮುಗಿಸಿರುತ್ತದೆ. ಆಮೇಲಿನ ಉದ್ದ ಸಮತೂಕಕ್ಕೆ ಮತ್ತು ಸದ್ದು ತಗ್ಗಿಸಲು. ಇದನ್ನು ಹೇಳಿದಾಗ ರಾಯರು ಒಂದು ಕಾಲಮ್ಮು ಅಳಿಸಿದರು, ಕರುಳು ಕಿತ್ತಂತೆ ಮುಖ ಮಾಡಿಕೊಂಡು.

ಕೊನೆಗೆ ಸಿಝಡ್ 457 ಮನೆಗೆ ಬಂತು. ದೂರದರ್ಶಕದ ವಿಷಯಕ್ಕೆ ಇನ್ನೊಂದು ಶೀಟು ತೆರೆಯುವುದರಲ್ಲಿದ್ದರು; ನಾನು ತಡೆದೆ. ದೊಡ್ಡ ಕೋವಿಯ ದೂರದರ್ಶಕಗಳಲ್ಲಿ ಪ್ಯಾರಲಾಕ್ಸನ್ನು ಸಾಮಾನ್ಯವಾಗಿ ನೂರು ಗಜಕ್ಕೆ ಕಟ್ಟಿರುತ್ತಾರೆ. ಪಾಯಿಂಟ್ ಟೂ ಟೂಗೆ ಐವತ್ತರದ್ದು ಬೇಕು, ಇಲ್ಲವೇ ತಿರುಗಿಸಿಕೊಳ್ಳುವಂಥದ್ದು. ಇಲ್ಲದಿದ್ದರೆ ಕಣ್ಣು ಚೂರು ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಅಷ್ಟು ಸಾಕು, ಮುಂದಕ್ಕೆ ಹೋಗೋಣ ಅಂದೆ.

ಮುಂದಕ್ಕೆ ಹೋದದ್ದೇ ಗೋಳು ಶುರುವಾಯಿತು. ಅಂಗಡಿಯ ಅಗ್ಗದ ಡಬ್ಬಿಯ ತೋಟೆ ಹಾಕಿ ರಾಯರು ಐವತ್ತು ಗಜಕ್ಕೆ ಹೊಡೆದರು. ಕಾಗದದ ಮೇಲೆ ತೂತುಗಳು ಒಂದರ ಮುಖ ಇನ್ನೊಂದು ನೋಡದಷ್ಟು ದೂರ ದೂರ ಬಿದ್ದವು. "ಮೋಸ ಹೋದ್ವಿ ಕಣ್ರೀ, ಕೋವಿ ಸೊಟ್ಟ ಇದೆ," ಅಂದರು. ಪಕ್ಕದ ಮೇಜಿನಲ್ಲಿದ್ದ ಅಮೆರಿಕನ್ನನೊಬ್ಬ ಪರ್ಸಿನಿಂದ ಮಡಿಸಿದ ಕಾಗದ ತೆಗೆದು, ಒಂದೇ ತೂತಿನಂತಿದ್ದ ಮೂರು ಈಡು ತೋರಿಸಿ, ನನ್ನದು ದಿನವಿಡೀ ಹೀಗೇ ಹೊಡೆಯುತ್ತದೆ ಅಂದ. ಪರ್ಸಿನಲ್ಲಿ ಕಾಗದ ಇಟ್ಟುಕೊಂಡು ತಿರುಗುವವರನ್ನು ನಂಬಬೇಡಿ. ದಿನವಿಡೀ ಹಾಗೆ ಹೊಡೆಯುವವನು ಒಂದು ಕಾಗದವನ್ನು ಯಾಕೆ ಜೋಪಾನ ಮಾಡುತ್ತಾನೆ? ಐದೈದು ಈಡಿನ ಐದು ಗುಂಪು ಒಂದರ ಹಿಂದೊಂದು ಹೊಡಿ, ಯಾವುದನ್ನೂ ಬಿಸಾಡಬೇಡ, ಆಮೇಲೆ ಅಳತೆಪಟ್ಟಿ ಹಿಡಿ. ಗುಂಪಿನಿಂದ ಹೊರಗೆ ಹಾರಿದ ಐದನೆಯದನ್ನು "ಅದು ಲೆಕ್ಕಕ್ಕಿಲ್ಲ, ಸೀನು ಬಂತು" ಅನ್ನುವುದಾದರೆ ಅಳತೆ ಮಾಡುವುದೇ ಬೇಡ.

ರಾಯರ ಕೋವಿ ಸೊಟ್ಟಗಿರಲಿಲ್ಲ. ತೋಟೆ ಹೊಂದಿರಲಿಲ್ಲ, ಅಷ್ಟೆ. ಇದು ಅರ್ಥವಾಗಬೇಕಾದರೆ ಪಾಯಿಂಟ್ ಟೂ ಟೂವಿನ ರಿಮ್‌ಫೈರ್ ತೋಟೆಯ ಹೊಟ್ಟೆಯೊಳಗೆ ಹೊಗಬೇಕು. ಇದರ ಬುಡದ ನಡುವೆ ಕೇಪು ಇರುವುದಿಲ್ಲ. ಬುಡದ ಸುತ್ತ ಮಡಿಸಿದ ತೆಳು ಅಂಚುಂಟು. ಆ ಅಂಚಿನ ಟೊಳ್ಳಿನೊಳಕ್ಕೆ ಹಸಿ ಕೇಪಿನ ಮದ್ದನ್ನು ಗಿರಗಿರನೆ ತಿರುಗಿಸಿ ಹರಡಿಸಿರುತ್ತಾರೆ. ಸೂಜಿ ಅಂಚನ್ನು ಜಜ್ಜಿದರೆ ಕಿಡಿ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ತನ್ನ ಪುಟ್ಟ ರಿವಾಲ್ವರಿಗೆ ಮಾಡಿದ ತೋಟೆಯ ವಂಶ ಇದು. ಇವತ್ತಿನ ಲಾಂಗ್ ರೈಫಲ್ ಎಂಬ ರೂಪ 1887ರ ಸುಮಾರಿಗೆ ಸ್ಟೀವನ್ಸ್ ಕಂಪನಿಯಿಂದ ಬಂತು. ಗುಂಡು ನಲವತ್ತು ಗ್ರೇನು, ನಮ್ಮ ಲೆಕ್ಕದಲ್ಲಿ 2.6 ಗ್ರಾಂ, ಮೆತ್ತನೆಯ ಸೀಸ, ಮೇಲೆ ಮೇಣದ ಲೇಪ. ಅಂಚಿನೊಳಗಿನ ಮದ್ದು ಒಂದು ಕಡೆ ಚೂರು ದಪ್ಪ, ಇನ್ನೊಂದು ಕಡೆ ತೆಳು ಅಂದರೆ ಮುಗಿಯಿತು; ಒಂದು ಗುಂಡು ಬೇಗ ಹೊರಡುತ್ತದೆ, ಮುಂದಿನದು ನಿಧಾನ, ಕಾಗದದ ಮೇಲೆ ಒಂದು ಮೇಲೆ ಒಂದು ಕೆಳಗೆ. ದೊಡ್ಡ ರೈಫಲಿನವರು ಮನೆಯಲ್ಲಿ ಕೂತು ತಾವೇ ಮದ್ದು ತೂಗಿ, ಹಳೆಯ ಹಿತ್ತಾಳೆಗೆ ಹೊಸ ಕೇಪು ಹಾಕಿ, ತಮ್ಮ ಕೋವಿಗೆ ಬೇಕಾದ ಹದಕ್ಕೆ ತೋಟೆ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಅಂಚು ಒಮ್ಮೆ ಜಜ್ಜಿದರೆ ತೋಟೆ ಗುಜರಿ. ಕಾರ್ಖಾನೆಯವರು ಕೊಟ್ಟದ್ದೇ ಪ್ರಸಾದ.

ಆದ್ದರಿಂದ ಹೊಂದಿಸುವ ಕೆಲಸ. ಹೆಣ್ಣು ಗಂಡಿನ ಜಾತಕ ಹಿಡಿದುಕೊಂಡು ತಿರುಗುವ ಹಾಗೆ ಕೋವಿಯನ್ನು ತಗೊಂಡು ತೋಟೆಯಿಂದ ತೋಟೆಗೆ ತಿರುಗಬೇಕು. ಒಳ್ಳೆಯ ಮನೆತನದ ವರ, ಒಳ್ಳೆಯ ಮನೆತನದ ವಧು, ಆದರೂ ಗಣ ಕೂಡದೆ ಹೋಗಬಹುದು. 1828ರಿಂದ ಬಂದ ಇಂಗ್ಲೆಂಡಿನ ಈಲಿಯ ಟೆನೆಕ್ಸ್ ಎಂಬ ದುಬಾರಿ ತೋಟೆ ಒಂದು ಕೋವಿಯಲ್ಲಿ ದೇವರು, ಅದೇ ಮಾದರಿಯ ಪಕ್ಕದ ಕೋವಿಯಲ್ಲಿ ದೆವ್ವ. ಇನ್ನೂ ತಮಾಷೆಯೆಂದರೆ ಒಂದೇ ತೋಟೆ, ಒಂದೇ ಹೆಸರು, ಲಾಟ್ ನಂಬರು ಬೇರೆಯಾದರೆ ಫಲವೂ ಬೇರೆ. ಇದಕ್ಕಾಗಿಯೇ ತೋಟೆ ತಯಾರಿಸುವ ಲಾಪುವಾ ಕಂಪನಿಯವರು ಜರ್ಮನಿಯ ಶೋನೆಬೆಕ್‌ನಲ್ಲೂ ಅಮೆರಿಕದ ಅರಿಝೋನಾದಲ್ಲೂ ಪರೀಕ್ಷೆಯ ಕೇಂದ್ರ ಇಟ್ಟಿದ್ದಾರೆ. ನಿಮ್ಮ ಕೋವಿಯನ್ನು ಕಬ್ಬಿಣದ ಹಿಡಿತಕ್ಕೆ ಕಚ್ಚಿಸಿ, ಲಾಟಿನ ಮೇಲೆ ಲಾಟು ಹೊಡೆದು, ಯಾವುದು ಕೂಡಿಬಂತೋ ಅದನ್ನು ಪೆಟ್ಟಿಗೆಗಟ್ಟಲೆ ಕೊಂಡುಕೊಂಡು ಹೋಗಬಹುದು. ಕುಲ ನೋಡಿ ಹೆಣ್ಣು ತರುವವರು ಬೆಲೆ ನೋಡಿ ತೋಟೆ ತಂದರೆ ಮಾತ್ರ ಸಂಸಾರ ಕೆಡುತ್ತದೆ.

ರಾಯರಿಗೆ ಇದು ಹಬ್ಬ. ಎಂಟು ಬಗೆಯ ತೋಟೆ ತರಿಸಿದರು. ನಾನು ಒಂದೇ ಮಾತು ಹೇಳಿದೆ: ತೋಟೆ ಬದಲಿಸಿದ ಕೂಡಲೇ ಅಳೆಯಬೇಡಿ. ಹಿಂದಿನ ಗುಂಡಿನ ಮೇಣ ನಳಿಗೆಯೊಳಗೆ ಬಳಿದಿರುತ್ತದೆ, ಹೊಸದರ ಮೇಣ ಬಳಿದುಕೊಳ್ಳಲು ಹತ್ತಿಪ್ಪತ್ತು ಈಡು ಬಿಡಿ. ಹೊಡೆದ ಹೊಡೆದ ಹಾಗೆ ತಿಕ್ಕಿ ತೊಳೆಯಲೂ ಹೋಗಬೇಡಿ. ನಿತ್ಯಸ್ನಾನದ ಮನೆಯವರಿಗೆ ಇದು ಕಷ್ಟವಾಯಿತು; ಕೋವಿಗಾದರೂ ಮೈಲಿಗೆ ಇರಲಿ ಅಂತ ಒಪ್ಪಿಸಬೇಕಾಯಿತು. ಕೊನೆಗೆ ಅವರ ಸಿಝಡ್ ಮೆಚ್ಚಿದ್ದು ಅತಿ ದುಬಾರಿಯದನ್ನೂ ಅಲ್ಲ, ಅಗ್ಗದ್ದನ್ನೂ ಅಲ್ಲ. ಅದೇ ಶೋನೆಬೆಕ್‌ನಿಂದ ಬರುವ ಎಸ್.ಕೆ. ಎಂಬ ನಡುಮಟ್ಟದ ತೋಟೆಯನ್ನು. ಸೊಟ್ಟ ಕೋವಿ ರಾತ್ರೋರಾತ್ರಿ ನೆಟ್ಟಗಾಯಿತು. ರಾಯರು ಒಂದು ಕಾಗದ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನೂರು ಗಜಕ್ಕೆ ಹೋದರು. ಗಾಳಿ ಬಂತು. ಐವತ್ತು ಗಜಕ್ಕೆ ಹದ ಮಾಡಿದ ಗುಂಡು ನೂರರಲ್ಲಿ ಮುಕ್ಕಾಲು ಗೇಣು ಕೆಳಗೆ ಬೀಳುತ್ತದೆ, ಅದು ಲೆಕ್ಕಕ್ಕೆ ಸಿಗುವಂಥದ್ದು. ಗಾಳಿ ಸಿಗುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ, ಮುಖಕ್ಕೆ ತಣ್ಣಗೆ ಹಿತವಾಗಿ ತಾಗುವಂಥದ್ದು, ಗುಂಡನ್ನು ನಾಲ್ಕು ಇಂಚಿನ ಆಸುಪಾಸು ಪಕ್ಕಕ್ಕೆ ತಳ್ಳಿಬಿಡುತ್ತದೆ. "ಹಾಗಾದ್ರೆ ಜೋರಾಗಿ ಹೋಗೋ ತೋಟೆ ತಗೊಳ್ತೀನಿ," ಅಂದರು. ತಗೊಂಡರು. ಇನ್ನೂ ದೂರ ತಳ್ಳಿತು! ರಾಯರು ಮೇಜಿಗೆ ಗುದ್ದಿದರು.

ಅದರ ಗುಟ್ಟು ಹೀಗೆ. ಗಾಳಿಯ ಕೈಗೆ ಗುಂಡು ಸಿಗುವುದು ಅದು ಎಷ್ಟು ಹೊತ್ತು ಹಾರಿತು ಎಂಬುದರಿಂದಲ್ಲ, ಹಾರುತ್ತ ಎಷ್ಟು ವೇಗ ಕಳೆದುಕೊಂಡಿತು ಎಂಬುದರಿಂದ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಜೋರಿನ ತೋಟೆ 380ರಲ್ಲಿ ಹೊರಟು, ಶಬ್ದದ ಗೋಡೆಯ ಹತ್ತಿರ ಗಾಳಿಯ ಏಟು ತಿಂದು, ವೇಗವೆಲ್ಲ ಸೋರಿಸಿಕೊಂಡು ಕೆಳಗಿಳಿಯುತ್ತದೆ. ಪಂದ್ಯದ ತೋಟೆ 330ರಲ್ಲೇ ಹೊರಡುತ್ತದೆ, ಆ ಗೋಡೆಯ ತಂಟೆಗೇ ಹೋಗುವುದಿಲ್ಲ. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ನಿಧಾನ ಹೋಗುವ ತೋಟೆ ಸಿಗುತ್ತದೆ ಎಂಬುದನ್ನು ರಾಯರು ಜೀರ್ಣಿಸಿಕೊಳ್ಳಲು ಒಂದು ವಾರ ಹಿಡಿಯಿತು. ನಡುವೆ .17 ಎಚ್.ಎಂ.ಆರ್. ಎಂಬ ಇನ್ನೊಂದು ಮೋಹಿನಿ ಕಣ್ಣು ಹೊಡೆದಳು. 2002ರಲ್ಲಿ ಬಂದವಳು, ಸೆಕೆಂಡಿಗೆ 770 ಮೀಟರಿನ ಮೇಲೆ ಓಡುತ್ತಾಳೆ, ಗಾಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಒಂದೊಂದು ಈಡಿಗೂ ಜೇಬು ಬಗ್ಗುತ್ತದೆ, ಅಳಿಲಿಗೆ ತಾಗಿದರೆ ಸಾರಿಗೆ ಹಾಕಲು ಏನೂ ಉಳಿಯುವುದಿಲ್ಲ. ಸಾರಿನ ಮಾತು ಕೇಳಿ ರಾಯರೇ ಹಿಂದೆ ಸರಿದರು.

ಅಳಿಲಿನ ಪಾಠ ಮಾಡಿದ್ದು ಪಕ್ಕದ ಮನೆಯ ಮಿಸೌರಿಯವನು, ಹುಟ್ಟಾ ಶಿಕಾರಿಗಾರ. ಅವನ ಹತ್ತಿರ ಇರುವುದು ಹಿಡಿಯ ಬಣ್ಣ ಪೂರ್ತಿ ಹೋದ ಹಳೆಯ ಮಾರ್ಲಿನ್ 60. ತಲೆಗೆ ಮಾತ್ರ ಹೊಡೆಯುತ್ತಾನೆ. ಮೈಗೆ ತಾಗಿದರೆ ಪ್ರಾಣಿಗೂ ಹಿಂಸೆ, ಮಾಂಸವೂ ಹಾಳು. ಅಳಿಲಿನ ತಲೆಯೆಂದರೆ ಇಂಚು ಒಂದೂಕಾಲು ಇಂಚು. ಹಾಗಾಗಿ ತನ್ನ ಕೋವಿ, ತನ್ನ ತೋಟೆ, ತನ್ನ ಕೈ ಮೂರೂ ಸೇರಿ ಒಂದು ಇಂಚಿನೊಳಗೆ ಹೊಡೆಯುವ ದೂರ ಎಷ್ಟು ಅಂತ ಕಾಗದದ ಮೇಲೆ ಕಂಡುಕೊಂಡಿದ್ದಾನೆ: ನಲವತ್ತು ಗಜ. ನಲವತ್ತೊಂದರಲ್ಲಿ ಅಳಿಲು ಕೂತು ನಾಲಿಗೆ ಚಾಚಿದರೂ ಎತ್ತುವುದಿಲ್ಲ. ಹಿಂದೆ ಮರದ ಬೊಡ್ಡೆ ಇಲ್ಲದೆ ಬರೀ ಆಕಾಶ ಕಂಡರೂ ಎತ್ತುವುದಿಲ್ಲ; ತಪ್ಪಿದ ಗುಂಡು ಒಂದು ಮೈಲಿಗೂ ಆಚೆ ಹೋಗಿ ಯಾರ ಅಂಗಳಕ್ಕೆ ಬೀಳುವುದೋ! ರಾಯರ ಎಕ್ಸೆಲ್ಲಿನ ಅಷ್ಟೂ ಕಾಲಮ್ಮುಗಳಿಗಿಂತ ನನಗೆ ಈ ನಲವತ್ತು ಗಜದ ಮೇಲೆ ಗೌರವ ಹೆಚ್ಚು. ಅವರ ಮುಂದೆ ಹಾಗನ್ನಲಿಲ್ಲ.

ಸೀಝನ್ ಶುರುವಾದಾಗ ಅವನು ರಾಯರನ್ನೂ ಕರೆದ. ರಾಯರು ಹೋದರು, ಕೋವಿ ಮನೆಯಲ್ಲಿ ಬಿಟ್ಟು. ದುರ್ಬೀನು ಹಿಡಿದು ಗಾಳಿ ಎಲ್ಲಿಂದ ಬರುತ್ತಿದೆ, ದೂರ ಎಷ್ಟು, ಬೊಡ್ಡೆ ಹಿಂದೆ ಇದೆಯೋ ಇಲ್ಲವೋ ಅಂತ ಪಿಸುಗುಟ್ಟಿದರು. ಅವನು ಐದು ಹೊಡೆದ. ರಾಯರು ಒಂದೊಂದಕ್ಕೂ "ರಾಮ ರಾಮ" ಅಂದರು. ಅದನ್ನು ಅವನು ಇಂಡಿಯಾದಲ್ಲಿ ಗುರಿಗಾರನಿಗೆ ಹೇಳುವ ಶಾಭಾಸ್ ಅಂತ ತಿಳಿದು ಈಗ ತಾನೂ ಹೇಳುತ್ತಾನೆ.

ಮೊನ್ನೆ ಫೆಬ್ರವರಿ ಕೊನೆಯ ವಾರ ರಾಯರಿಂದ ಫೋನು. ಬೇಟೆಯ ಪರ್ಮಿಟ್ಟು ತಿಂಗಳ ಕೊನೆಗೆ ಮುಗಿಯುತ್ತದೆ. ಅದು ಮುಗಿದರೆ ಎಚ್-1ಬಿಯವನ ಮನೆಯಲ್ಲಿರುವ ಕೋವಿಯೂ ಕಾನೂನಿಗೆ ವಿರುದ್ಧ.

"ಪ್ರತಿ ವರ್ಷ ರಿನ್ಯೂ ಮಾಡಿಸ್ಬೇಕೇನ್ರೀ?"

"ಗ್ರೀನ್ ಕಾರ್ಡು ಬರೋವರೆಗೂ ರಾಯರೇ."

ಆ ಕಡೆ ಲೆಕ್ಕ ಹಾಕುವ ಸದ್ದು. ಇಂಡಿಯಾದವರ ಗ್ರೀನ್ ಕಾರ್ಡಿನ ಸಾಲು ಎಷ್ಟುದ್ದವೆಂದು ನಿಮಗೆ ಗೊತ್ತು, ರಾಯರಿಗಂತೂ ಅದಕ್ಕೆ ಪ್ರತ್ಯೇಕ ಎಕ್ಸೆಲ್ ಶೀಟೇ ಉಂಟು. "ಅಂದ್ರೆ ಅಷ್ಟೂ ವರ್ಷ ದಿನಕ್ಕೆ ಹತ್ತರಂತೆ ನಾನು ಕೊಲ್ಲದೇ ಬಿಟ್ಟ ಅಳಿಲು..." ಅಂತ ಗುಣಿಸತೊಡಗಿದರು. ಮೊತ್ತ ಸಾವಿರಗಳನ್ನು ದಾಟುತ್ತಿದ್ದ ಹಾಗೆ ದನಿಯಲ್ಲಿ ಹುರುಪು ಏರಿತು. "ಪುಣ್ಯದ ಕಾಲಮ್ಮು ಒಂದು ಸೇರಿಸ್ಬಹುದಲ್ವೇನ್ರೀ?"